ಎರಡನೇ ಕಿವಿಯಾದ ಅಕ್ಕನಿಗೆ

ಕಂಪ್ಯೂಟರ್‌ನಿಂದ ಸಂಗೀತ ಕಟ್ಟುವ ಬಗ್ಗೆ ಮಾಡುತ್ತಿದ್ದ ಪಿಎಚ್‌ಡಿ ಮುಗಿಯಿತು. ಹಾರೈಸಿದ, ಫೋನ್ ಮಾಡಿದ, ದೂರದಿಂದ ಬಂದು ಕೂತ ಎಲ್ಲರಿಗೂ ನಮಸ್ಕಾರ. ನಡುವೆ ನನ್ನ ಎಡಗಿವಿ ಕೇಳಿಸದೇ ಹೋಗಿದ್ದ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಈಗ ಚೆನ್ನಾಗಿ ಕೇಳಿಸುತ್ತಿದೆ.

1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ (ಎನ್‌ಐಡಿ) ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಬಂದಿತ್ತು, ಸಂಗೀತಗಾರ್ತಿ ಗೀತಾ ಸಾರಾಭಾಯಿ ಅಂಥವರು ಅದರಲ್ಲಿ ಕೆಲಸ ಮಾಡಿದ್ದರು ಅಂತ ಹೇಳಿ ಈ ದಾರಿಗೆ ಹಚ್ಚಿದ ಬೆಂಗಳೂರಿನ ಮೇಷ್ಟ್ರಿಗೆ, ಇಲ್ಲಿ ನೆದರ್‌ಲ್ಯಾಂಡ್ಸ್‌ನ ದಿ ಹೇಗ್‌ನ ಸ್ಟುಡಿಯೋ ಗೆಳೆಯರಿಗೆ, ಅಪ್ಪ ಅಮ್ಮನಿಗೆ ನಾನು ಋಣಿ.

ಆದರೆ ಇವತ್ತು ಬರೆಯಲು ಕೂತದ್ದು ಕೆಳಗಿನ ಮನೆಯ ಹುಬ್ಬಳ್ಳಿ ಅಕ್ಕನಿಗಾಗಿ.

ನನ್ನ ಕೃತಿಯ ಕಾರ್ಯಕ್ರಮದ ಹಿಂದಿನ ರಾತ್ರಿ. ಸುತ್ತ ಎಂಟು ಸ್ಪೀಕರ್. ಸದ್ದು ಕಟ್ಟುವ ಪ್ರೋಗ್ರಾಮಿಂಗ್ ಭಾಷೆ ಸೂಪರ್‌ಕೊಲೈಡರ್‌ನಲ್ಲಿ ಬರೆದ ನಿಯಮಗಳೆಲ್ಲ ಸರಿಯಾಗಿಯೇ ಓಡುತ್ತಿದ್ದವು. ಆದರೆ ಸದ್ದು ಎತ್ತಲಿಂದ ಬಂತು ಅಂತ ತಿಳಿಯಲು ಎರಡು ಕಿವಿಯೂ ಬೇಕಲ್ವಾ? ಯಾವ ಕಿವಿಗೆ ಮೊದಲು ತಲುಪಿತು, ಯಾವುದಕ್ಕೆ ಜೋರಾಗಿ ತಲುಪಿತು ಅನ್ನುವುದರಿಂದ ಮಿದುಳು ದಿಕ್ಕು ಹಿಡಿಯುತ್ತದೆ. ನನಗೆ ಎಲ್ಲವೂ ಬಲಗಡೆಯೇ. ಲ್ಯಾಪ್‌ಟಾಪ್ ಮುಚ್ಚಿ ಅತ್ತುಬಿಟ್ಟೆ. ಇನ್ನು ಸಂಗೀತ ನನ್ನ ಪಾಲಿಗಿಲ್ಲ ಅನ್ನಿಸಿತ್ತು.

"ಯಾಕ ಮುಚ್ಚಿದಿ? ನಾ ಕೇಳ್ತೀನಿ, ನೀ ಬರ್ಕೋ" ಅಂದರು ಅಕ್ಕ. ಸ್ಟುಡಿಯೋಗೆ ಊಟದ ಡಬ್ಬಿ ತಂದವರು ನಡುವಿನ ಕುರ್ಚಿಯಲ್ಲಿ ಕೂತೇಬಿಟ್ಟರು. ಈ ಥರದ ಸಂಗೀತ ಅವರು ಮೊದಲು ಕೇಳಿದ್ದೇ ಇಲ್ಲ. ಕಣ್ಣು ಮುಚ್ಚಿ, ಕೈಯೆತ್ತಿ, ಸದ್ದು ಹೋದ ಕಡೆಗೆಲ್ಲ ಬೆರಳು ತೋರಿಸುತ್ತಾ ಹೋದರು. ಚೂರು ಚೂರು ಮಾಡಿದ ಮೃದಂಗದ ಸದ್ದು ಬಂದಾಗ, "ಸಾಸಿವಿ ಸಿಡಿದ್ಹಂಗ ಐತಿ. ಆದ್ರ ಎಲ್ಲಾ ಒಂದ ಕಡೆ ಸಿಡಿಯಾಕತ್ತಾವ" ಅಂದರು. ನಾನು ಅದನ್ನು ಎಂಟೂ ಕಡೆ ಹರಡಿದೆ. ಅವರು ಮತ್ತೆ ಕೇಳಿದರು. ಬೆಳಗಿನವರೆಗೂ ಹೀಗೇ ನಡೆಯಿತು. ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಈಗ ದಿ ಹೇಗ್‌ನಲ್ಲಿರುವ ಸೋನಾಲಜಿ (ಸದ್ದಿನ ಅಧ್ಯಯನ) ಸಂಸ್ಥೆ ಇನ್ನೂ ಉಟ್ರೆಕ್ಟ್ ನಗರದಲ್ಲಿದ್ದಾಗ ಅದನ್ನು ನಡೆಸಿದ ಸಂಗೀತ ಸಂಯೋಜಕ ಗಾಟ್‌ಫ್ರೀಡ್ ಮೈಕೆಲ್ ಕೋನಿಗ್, 1964ರಲ್ಲಿ 'ಪ್ರಾಜೆಕ್ಟ್ 1' ಅನ್ನುವ ಪ್ರೋಗ್ರಾಂ ಶುರುಮಾಡಿದ್ದರು. ನನ್ನ ಪ್ರಬಂಧದಲ್ಲಿ ಅದಕ್ಕೇ ಒಂದು ಅಧ್ಯಾಯವಿದೆ. ಸ್ವರ, ಕಾಲ, ವಾದ್ಯಗಳ ಪಟ್ಟಿಯನ್ನು ಯಂತ್ರ ಕೊಡುತ್ತದೆ. ಅದನ್ನು ಸಂಗೀತ ಮಾಡಲು ಒಬ್ಬರು ಕೂತು ಕೇಳಲೇಬೇಕು. ಇಷ್ಟನ್ನು ನಾನು ಓದಿದ್ದೆ, ಬರೆದೂ ಇದ್ದೆ. ಅರ್ಥವಾದದ್ದು ಆ ರಾತ್ರಿ.

ಅಕ್ಕ, ಅವತ್ತು ನೀವು ಹೇಳಿ ಬದಲಾಯಿಸಿದ ಯಾವುದನ್ನೂ ನಾನು ಆಮೇಲೆ ಮುಟ್ಟಿಲ್ಲ. ಎರಡೂ ಕಿವಿಯಿಂದ ಕೇಳಿ ನೋಡಿದೆ, ತಿದ್ದುವ ಅಗತ್ಯವೇ ಕಾಣಲಿಲ್ಲ. ಕೃತಿಯ ಮೇಲೆ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರೂ ಇದೆ. ಬೇಡ ಅನ್ನಬೇಡಿ.