ಧರೆ ಕಡಿಯುವಾಗ ನೋಡುವವರು ಯಾರು? ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮಂಗಳೂರಿನಲ್ಲಿ ಮನೆಗಳ ಪ್ಲ್ಯಾನ್ ಮಾಡಿಕೊಂಡಿರುವ ಸಿವಿಲ್ ಇಂಜಿನಿಯರ್. ಐದು ಸೆಂಟ್ಸ್, ಏಳು ಸೆಂಟ್ಸ್ ಜಾಗದ ಕೆಲಸಗಳೇ ಜಾಸ್ತಿ. ಕಟ್ಟಡದ ನಿಯಮಗಳು ಒಂದರ ಮೇಲೊಂದು ಬರುತ್ತಾ ಇವೆ. ಅವು ಪಾಲನೆ ಆಗುತ್ತಿವೆಯಾ ಅಂತ ಸೈಟಿಗೆ ಬಂದು ನೋಡಬೇಕಾದ ಇಂಜಿನಿಯರ್‌ಗಳ ಕೈಗೆ ಸರ್ಕಾರ ಏನು ಕೊಟ್ಟಿದೆ? ಅದರಲ್ಲೂ ಮನೆಗೆ ಜಾಗ ಮಾಡಲು ಗುಡ್ಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆ, ನಾವು ಧರೆ ಅನ್ನುವುದು, ಅದನ್ನು ನೋಡಲಿಕ್ಕೆ? ಇದನ್ನು ಕೇಳಲಿಕ್ಕೇ ಈ ಪತ್ರ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಅಕ್ರಮ ಕಟ್ಟಡದ ಕೇಸಿನಲ್ಲಿ ತೀರ್ಪು ಕೊಟ್ಟಿತು. ಅದರ ನಿರ್ದೇಶನಗಳು ಇಡೀ ದೇಶಕ್ಕೆ ಅನ್ವಯ. ಆಮೇಲೆ ಇಲ್ಲಿ ಯಾರ ಬಾಯಲ್ಲಿ ಕೇಳಿದರೂ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದೆ ಕರೆಂಟ್ ಮೀಟರ್ ಇಲ್ಲ ಅನ್ನುವುದೇ ಮಾತು. ಸರಿ, ಅದೂ ತೀರ್ಪಿನಲ್ಲಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೂ ಎರಡು ಮಾತುಗಳಿವೆ. ಮಂಜೂರಾದ ಪ್ಲ್ಯಾನ್ ಕೆಲಸ ಮುಗಿಯುವವರೆಗೂ ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಬೇಕು, ನೋಡಿದ್ದನ್ನು ದಾಖಲೆಯಲ್ಲಿ ಬರೆದಿಡಬೇಕು. ಇದರ ಸುದ್ದಿ ಯಾಕೋ ಯಾರೂ ಎತ್ತುವುದಿಲ್ಲ. ಮನೆಯವರು ತರಬೇಕಾದ ಕಾಗದ ಎಲ್ಲರಿಗೂ ನೆನಪಿದೆ. ಇಲಾಖೆ ಬರೆಯಬೇಕಾದ ಕಾಗದ ಮರೆತುಹೋಗಿದೆ.

ಬಂದು ಏನು ನೋಡಬೇಕು ಅಂದರೆ, ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಮೊದಲು ನೆಲ ನೋಡಬೇಕು. ಮೇಲೆ ಇರುವುದು ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಕಲ್ಲು. ಗಟ್ಟಿ. ನೆಟ್ಟಗೆ ಕಡಿದರೂ ವರ್ಷಗಟ್ಟಲೆ ನಿಲ್ಲುತ್ತದೆ. ಆ ಧೈರ್ಯದಲ್ಲೇ ಇಲ್ಲಿ ಎಲ್ಲರೂ ಗುಡ್ಡ ಕಡಿಯುವುದು. ಅದರ ಅಡಿಯಲ್ಲಿ ಶೇಡಿ ಮಣ್ಣು. ಬಿಳಿ, ಹಳದಿ, ಕೆಲವು ಕಡೆ ಗುಲಾಬಿ ಬಣ್ಣ. ಬೇಸಿಗೆಯಲ್ಲಿ ಪಿಕಾಸಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನೀರು ಕುಡಿದರೆ ದೋಸೆ ಹಿಟ್ಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿದು. ಮುರಕಲ್ಲಿನ ತೂತುಗಳಲ್ಲಿ ನೀರು ಇಳಿಯುತ್ತದೆ, ಕೆಳಗಿನ ಶೇಡಿ ಮೆತ್ತಗಾಗಿ ಜಾರುತ್ತದೆ, ಮೇಲಿನ ಗಟ್ಟಿ ಪದರ ಇಡಿಯಾಗಿ ಕುಸಿಯುತ್ತದೆ. ಹಿಟಾಚಿ ಓಡಿಸುವವರಿಗೂ ಇದು ಗೊತ್ತು. ಪ್ಲ್ಯಾನ್ ಪಾಸ್ ಮಾಡುವ ವ್ಯವಸ್ಥೆಗೆ ಮಾತ್ರ ಗೊತ್ತಿಲ್ಲ.

2024ರ ಜೂನ್ 26ರ ಬೆಳಗ್ಗೆ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಕಂಪೌಂಡ್ ಗೋಡೆ ಮನೆಯ ಮೇಲೆ ಬಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ತೀರಿಹೋದರು. ವಾರ ಕಳೆದು ಜುಲೈ 3ಕ್ಕೆ ಬಲ್ಮಠದ ಒಂದು ಸೈಟಿನಲ್ಲಿ ಮಣ್ಣು ಜರಿದು ಇಬ್ಬರು ಕೆಲಸದವರು ಅದರಡಿ ಸಿಕ್ಕಿದರು. ಒಬ್ಬರನ್ನು ಮಾತ್ರ ಉಳಿಸಲಿಕ್ಕೆ ಆಯಿತು. 2025ರ ಮೇ 30ರಂದು ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿಯೂ ಇಬ್ಬರು ಮೊಮ್ಮಕ್ಕಳೂ ಹೋದರು. ಅದಕ್ಕೂ ಮೊದಲು, 2020ರ ಫೆಬ್ರವರಿಯಲ್ಲಿ, ಬಂಟ್ಸ್ ಹಾಸ್ಟೆಲ್ ಹತ್ತಿರ ಕಟ್ಟಡದ ಗುಂಡಿಯಲ್ಲಿ ಇಬ್ಬರು ಕಾರ್ಮಿಕರು ಮಣ್ಣಿನಡಿ ಸತ್ತರು. ಫೆಬ್ರವರಿ ಅಂದರೆ ಇಲ್ಲಿ ಮಳೆಯ ಹೆಸರೇ ಇಲ್ಲದ ತಿಂಗಳು. ಹಾಗಾಗಿ ಎಲ್ಲವನ್ನೂ ಪ್ರಕೃತಿ ವಿಕೋಪದ ಲೆಕ್ಕಕ್ಕೆ ಹಾಕಿ, ಪರಿಹಾರದ ಚೆಕ್ ಕೊಟ್ಟು ಮುಗಿಸುವುದು ಸರಿಯಲ್ಲ. ಕುತ್ತಾರು, ಮೊಂಟೆಪದವು ಎರಡೂ ಮಹಾನಗರ ಪಾಲಿಕೆಯ ಒಳಗಿಲ್ಲ. ಪಾಲಿಕೆ ಆಯುಕ್ತರಿಗೆ ಬರೆಯದೆ ನಿಮಗೆ ಬರೆಯಲು ಕಾರಣ ಅದೇ.

ಈಗ ಪ್ಲ್ಯಾನ್ ಪಾಸ್ ಆಗುವ ರೀತಿ ನೋಡಿ. ಆನ್‌ಲೈನ್‌ನಲ್ಲಿ ಡ್ರಾಯಿಂಗ್ ಹಾಕುತ್ತೇವೆ. ಸಾಫ್ಟ್‌ವೇರ್ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ಅಳೆಯುತ್ತದೆ, ಎಫ್‌ಎಆರ್ (ಜಾಗದ ಅಳತೆಗೆ ಎಷ್ಟು ಕಟ್ಟಬಹುದು ಅನ್ನುವ ಅನುಪಾತ) ಲೆಕ್ಕ ಹಾಕುತ್ತದೆ, ಎತ್ತರ ನೋಡುತ್ತದೆ. ಅರ್ಧ ಅಡಿ ಕಡಿಮೆಯಾದರೂ ವಾಪಸ್. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮನೆಯ ಹಿಂದೆ ಇಪ್ಪತ್ತು ಅಡಿ ನೆಟ್ಟಗೆ ಕಡಿದ ಧರೆ ಇದೆಯಾ, ಅದರ ತಲೆಯ ಮೇಲೆ ಇನ್ನೊಬ್ಬರ ಬಾವಿಯೋ ಬಚ್ಚಲ ಗುಂಡಿಯೋ ಇದೆಯಾ ಅನ್ನುವುದು ಆ ಡ್ರಾಯಿಂಗ್‌ನಲ್ಲಿ ಕಾಣುವುದಿಲ್ಲ. ಎಷ್ಟೋ ಮನೆಗಳ ಪ್ಲ್ಯಾನಿನಲ್ಲಿ ತಡೆಗೋಡೆಯೇ ಇರುವುದಿಲ್ಲ. ಗೃಹಪ್ರವೇಶ ಆದಮೇಲೆ, ಕೈಯಲ್ಲಿ ಉಳಿದ ಹಣದಲ್ಲಿ, ಮೇಸ್ತ್ರಿಯ ಅಂದಾಜಿನಲ್ಲಿ ಅದು ಏಳುತ್ತದೆ. ನೀರು ಹೊರಗೆ ಬರಲಿಕ್ಕೆ ಪೈಪ್ ಇಡುವುದಿಲ್ಲ. ಇಟ್ಟರೂ ಹಿಂದೆ ಜಲ್ಲಿ ತುಂಬುವುದಿಲ್ಲ, ಎರಡು ಮಳೆಗಾಲಕ್ಕೆ ಮಣ್ಣು ಕಟ್ಟಿ ಮುಚ್ಚುತ್ತದೆ. ಆಮೇಲೆ ಆ ಗೋಡೆ ಮಣ್ಣನ್ನು ಮಾತ್ರ ಅಲ್ಲ, ನೀರನ್ನೂ ತಡೆಯಬೇಕು. ಅದಕ್ಕೆ ಅಂತ ಅದನ್ನು ಕಟ್ಟಿರುವುದಿಲ್ಲ.

ಪುಸ್ತಕಗಳಿಗೆ ಕೊರತೆ ಇಲ್ಲ. ಅಗೆತದ ಕೆಲಸದ ಸುರಕ್ಷತೆಗೆ ಐಎಸ್ (ಭಾರತೀಯ ಮಾನಕ) 3764 ಇದೆ, 1992ರದ್ದು. ಗುಡ್ಡ ಪ್ರದೇಶದ ತಡೆಗೋಡೆಗೆ ಐಎಸ್ 14458 ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ ಎರಡು ಸಂಪುಟ. ಐಎಸ್‌ಗಳನ್ನು ಅವನ್ನು ಹೊರಡಿಸುವ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಈಗ ದುಡ್ಡಿಲ್ಲದೆ ಕೊಡುತ್ತದೆ. ಕೊರತೆ ಇರುವುದು ಬೇರೆ ಕಡೆ. ನಮ್ಮ ಸ್ಥಳೀಯ ಸಂಸ್ಥೆಗಳ ಇಂಜಿನಿಯರ್‌ಗಳಲ್ಲಿ ಕೇಳಿ. ರಸ್ತೆ ಹೊಂಡವೂ ಅವರೇ, ಚರಂಡಿಯೂ ಅವರೇ, ನೀರಿನ ಪೈಪೂ ಅವರೇ. ಇದರ ನಡುವೆ ಧರೆ ನೋಡಲಿಕ್ಕೆ ಯಾವಾಗ ಬರುವುದು ಮಾರಾಯ್ರೇ ಅನ್ನುತ್ತಾರೆ. ಬಂದರೂ, ಇದು ನಿಲ್ಲುತ್ತದೋ ಇಲ್ಲವೋ ಅಂತ ಕೇಳಲಿಕ್ಕೆ ಅವರಿಗೊಬ್ಬರು ಬೇಕಲ್ವಾ?

ಕೇಳಲಿಕ್ಕೆ ಜನ ದೂರ ಇಲ್ಲ. ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಶೇಡಿ ಮಣ್ಣಿನ ಮೇಲೆ ವರ್ಷಗಳಿಂದ ಅಧ್ಯಯನ ನಡೆದಿದೆ. ಅಲ್ಲಿಯ ಮೂರು ನಾಲ್ಕು ಮಣ್ಣು ತಜ್ಞರ ಒಂದು ತಂಡ ಮಾಡಿ. ಯಾವ ಪಂಚಾಯತ್‌ನ ಇಂಜಿನಿಯರ್ ಬೇಕಾದರೂ ಫೋನ್ ಮಾಡಿ ಕೇಳುವ ಹಾಗಿರಲಿ, ಆ ತಜ್ಞರ ಓಡಾಟದ ಖರ್ಚು ಜಿಲ್ಲಾಡಳಿತ ಕೊಡಲಿ. ತರಬೇತಿ ಕೊಡುವುದಾದರೆ ಎಸಿ ಹಾಲ್‌ನಲ್ಲಿ ಸ್ಲೈಡ್ ತೋರಿಸುವುದು ಬೇಡ. ಕಡಿದ ಧರೆಯ ಎದುರು ನಿಲ್ಲಿಸಿ ಕಲಿಸಲಿ. ಮೇಸ್ತ್ರಿಗಳಿಗೆ, ಹಿಟಾಚಿಯವರಿಗೆ ಚಿತ್ರ ಹಾಕಿದ ಸಣ್ಣ ಪುಸ್ತಕ ಸಾಕು. ಕಾರ್ಮಿಕರ ಸೆಸ್ ಅಂತ ಕಟ್ಟಡದ ವೆಚ್ಚದ ಶೇ. 1 ಕಟ್ಟಿಸಿಕೊಳ್ಳುತ್ತೀರಿ, ಗುಂಡಿಗೆ ಇಳಿಯುವವರಿಗೆ ಇಷ್ಟಾದರೂ ಸಿಗಲಿ.

ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ನಕ್ಷೆ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅದು 1:50,000 ಅಳತೆಯದ್ದು. ನಕ್ಷೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಐದು ಸೆಂಟ್ಸ್ ಜಾಗ ಅದರಲ್ಲಿ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಜಿಲ್ಲೆಗೆ ಅದು ಬೇಕು, ಆದರೆ ಒಂದು ಮನೆಗೆ ಲೈಸೆನ್ಸ್ ಕೊಡಲಿಕ್ಕೆ ಅದು ಸಾಲದು.

ಲೈಸೆನ್ಸ್ ವಿಷಯದಲ್ಲಿ ನನ್ನ ಬೇಡಿಕೆ ಇಷ್ಟೇ. ಆಳೆತ್ತರಕ್ಕಿಂತ ಜಾಸ್ತಿ ಕಡಿಯುವ ಅಥವಾ ಮಣ್ಣು ತುಂಬಿಸುವ ಯಾವ ಸೈಟಿಗೂ ತಡೆಗೋಡೆಯದ್ದೇ ಬೇರೆ ಡ್ರಾಯಿಂಗ್ ಕೇಳಿ, ನೀರು ಹೋಗುವ ದಾರಿಯೊಂದಿಗೆ. ಪಂಚಾಂಗ (ಮನೆಯ ಅಡಿಪಾಯ) ಹಾಕುವ ಮೊದಲು ಇಂಜಿನಿಯರ್ ಒಮ್ಮೆ ಬಂದು ಫೋಟೋ ತೆಗೆದು ಬರೆದಿಡಲಿ. ಹಳೆಯ ಧರೆಗಳನ್ನು ಪ್ರತಿ ವರ್ಷ ಪತ್ತನಾಜೆಯ (ಮೇ ಕೊನೆಗೆ, ಮಳೆಗಾಲದ ಮೊದಲು ಬರುವ ತುಳುನಾಡಿನ ದಿನ) ಒಳಗೆ ನೋಡಿ ಮುಗಿಸಲಿ. ಮನೆ ಖರ್ಚು ಜಾಸ್ತಿಯಾಗುತ್ತದೆ ಅಂತ ನನ್ನ ಗಿರಾಕಿಗಳೇ ನನ್ನನ್ನು ಬೈಯಬಹುದು. ಬೈಯಲಿ.

  

ಮುಂದಿನ ಕೆಡಿಪಿ ಸಭೆಯಲ್ಲಿ (ಜಿಲ್ಲೆಯ ಪ್ರಗತಿ ಪರಿಶೀಲನೆಯ ಸಭೆ) ಎಷ್ಟು ಲೈಸೆನ್ಸ್ ಕೊಟ್ಟಿರಿ ಅಂತ ನೀವು ಹೇಗೂ ಕೇಳುತ್ತೀರಿ. ಅದರ ಜೊತೆ, ಎಷ್ಟು ಸೈಟಿಗೆ ಹೋಗಿ ನೋಡಿದಿರಿ ಅಂತಲೂ ಕೇಳಿ. ಬಾಯಿಮಾತಿನ ಉತ್ತರ ಸಾಕು ಅನ್ನಬೇಡಿ. ಸುಪ್ರೀಂ ಕೋರ್ಟ್ ಬರೆದಿಡಲು ಹೇಳಿದ ಆ ದಾಖಲೆಯನ್ನೇ ಮೇಜಿನ ಮೇಲೆ ತರಿಸಿ.

ಇತಿ,
ಮಂಗಳೂರಿನ ಒಬ್ಬ ಸಿವಿಲ್ ಇಂಜಿನಿಯರ್