ನಿಂತುಹೋದ ಜಾಹೀರಾತೂ ಹುಡುಕಿದರೆ ಸಿಗಬೇಕು

ಮಾನ್ಯ ಸಂಪಾದಕರೇ,

ನಾನು ಇಳಕಲ್ಲಿನವಳು. ನಮ್ಮ ಮನೆಯಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ಕೈಮಗ್ಗದಲ್ಲಿ ನೇಯುವ ಸೀರೆಗಳನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂಲಕ ಮಾರುತ್ತೇನೆ. ಆನ್‌ಲೈನ್‌ನಲ್ಲಿ ನಮಗೆ ಪೈಪೋಟಿ ಕೊಡುವವರು ಯಾವ ಜಾಹೀರಾತು ಹಾಕುತ್ತಿದ್ದಾರೆ ಎಂದು ಕೀವರ್ಡ್ (ಹುಡುಕಬೇಕಾದ ಪದ) ಕೊಟ್ಟು ಹುಡುಕುವ ಸೌಲಭ್ಯ ಇದೆ. ನನಗೆ ಗೊತ್ತಿರುವ ನೇಕಾರರಲ್ಲಿ ಹೆಚ್ಚಿನವರು ಇದರ ಹೆಸರೇ ಕೇಳಿಲ್ಲ. ಕೇಳಿದವರಿಗೂ ಇದರಿಂದ ಸಿಗಬೇಕಾದಷ್ಟು ಉಪಯೋಗ ಸಿಗುತ್ತಿಲ್ಲ. ಅದಕ್ಕೇ ಈ ಪತ್ರ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಆ್ಯಡ್ ಲೈಬ್ರರಿ, ಅಂದರೆ ಜಾಹೀರಾತುಗಳನ್ನು ಹುಡುಕಿ ನೋಡುವ ವೆಬ್ ಪುಟ, 2019ರಿಂದ ಇದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ದೇಶ ಭಾರತ ಎಂದು ಆರಿಸಿ, 'ಇಳಕಲ್ ಸ್ಯಾರಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸಾಕು. ಆ ಪದ ಇರುವ, ಈಗ ಓಡುತ್ತಿರುವ ಜಾಹೀರಾತುಗಳೆಲ್ಲ ಸಾಲಾಗಿ ಬರುತ್ತವೆ. ಯಾವ ಪೇಜಿನವರು ಹಾಕಿದ್ದು, ಯಾವತ್ತು ಶುರುವಾಯಿತು, ಏನು ಫೋಟೊ, ಏನು ಬರೆದಿದ್ದಾರೆ, ಎಲ್ಲ ಕಾಣುತ್ತದೆ. ಮಹಾರಾಷ್ಟ್ರದವರು ನಮ್ಮ ಸೀರೆಯನ್ನು 'ಇರಕಲ್' ಅನ್ನುತ್ತಾರೆ. ಅಲ್ಲಿ ಗಿರಾಕಿಗಳು ಜಾಸ್ತಿ, ಹಾಗಾಗಿ ಅದನ್ನೂ ಹಾಕಿ ಹುಡುಕಬೇಕು. ತಿಂಗಳುಗಟ್ಟಲೆ ನಿಲ್ಲದೆ ಓಡುವ ಜಾಹೀರಾತಿನಿಂದ ಅವರಿಗೆ ವ್ಯಾಪಾರ ಆಗುತ್ತಿರಬೇಕು ಎಂದು ಊಹಿಸಬಹುದು. ಆಗದಿದ್ದರೆ ಯಾರು ಸುಮ್ನೆ ದುಡ್ಡು ಸುರಿಯುತ್ತಾರೆ? ನಾನು ಬರೀ ಮಡಚಿಟ್ಟ ಸೀರೆಯ ಫೋಟೊ ಹಾಕುವುದು ಬಿಟ್ಟು, ಸೆರಗು ಮತ್ತು ದಡಿಯನ್ನು ಹತ್ತಿರದಿಂದ ತೋರಿಸುವ ವಿಡಿಯೊ ಹಾಕಲು ಶುರು ಮಾಡಿದ್ದು ಹೀಗೆ ನೋಡಿ ಕಲಿತ ಮೇಲೆಯೇ.

ಬೇರೆಯವರ ಜಾಹೀರಾತು ಹುಡುಕಿ ನೋಡುವುದು ತಪ್ಪು ಅನ್ನುವವರೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸಂತೆಗೆ ಹೋದವರು ಪಕ್ಕದ ಅಂಗಡಿಯ ಬೆಲೆ ಕೇಳುವುದಿಲ್ವಾ, ಇದೂ ಅಷ್ಟೇ.

ದುಡ್ಡು ಕೊಟ್ಟು ಬಳಸುವ ಟೂಲ್‌ಗಳೂ ಇವೆ. ಸೆಮ್‌ರಶ್, ಸ್ಪೈಫು ಅಂಥವು. ಒಂದು ಕೀವರ್ಡ್ ಕೊಟ್ಟರೆ ಗೂಗಲ್‌ನಲ್ಲಿ ಆ ಪದಕ್ಕೆ ಯಾರು ಜಾಹೀರಾತು ಹಾಕುತ್ತಿದ್ದಾರೆ ಎಂದು ತೋರಿಸುತ್ತವೆ. ಪೈಪೋಟಿಯವರ ವೆಬ್‌ಸೈಟ್ ಕೊಟ್ಟರೆ ಅವರು ಯಾವ ಯಾವ ಪದಗಳಿಗೆ ಖರ್ಚು ಮಾಡುತ್ತಿದ್ದಾರೆ ಎಂದೂ ಹೇಳುತ್ತವೆ. ಆದರೆ ಗೂಗಲ್‌ನ ಒಳಗಿನ ಲೆಕ್ಕ ಇವರ ಕೈಗೆ ಸಿಗುವುದಿಲ್ಲ. ಹುಡುಕಾಟದ ಫಲಿತಾಂಶಗಳನ್ನು ಮತ್ತೆ ಮತ್ತೆ ತೆಗೆದು ನೋಡಿ ಅಂದಾಜು ಹಾಕುತ್ತಾರೆ. ಎದುರಿನವರು ಇಷ್ಟೇ ಖರ್ಚು ಮಾಡಿದ್ದಾರೆ ಎಂದು ಇವು ತೋರಿಸುವ ಅಂಕಿಯನ್ನು ನಂಬಿ ಸಣ್ಣ ವ್ಯಾಪಾರಿಗಳು ಸಾಲ ಮಾಡಿ ಜಾಹೀರಾತು ಹಾಕಬಾರದು. ಸೆಮ್‌ರಶ್‌ಗೆ ತಿಂಗಳಿಗೆ ನೂರು ಡಾಲರ್‌ಗಿಂತ ಜಾಸ್ತಿ ಆಗುತ್ತದೆ. ಒಂದು ಮಗ್ಗದ ಮನೆಗೆ ಅದು ದೂರದ ಮಾತು. ಗೂಗಲ್ ಕೂಡ ತನ್ನಲ್ಲಿ ಬರುವ ಜಾಹೀರಾತುಗಳನ್ನು ನೋಡಲು 2023ರಲ್ಲಿ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಶುರು ಮಾಡಿದೆ, ಅದು ಉಚಿತ. ಆದರೆ ಅಲ್ಲಿ ಜಾಹೀರಾತುದಾರರ ಹೆಸರು ಇಲ್ಲವೇ ವೆಬ್‌ಸೈಟ್ ಕೊಟ್ಟು ಹುಡುಕಬೇಕು. ನಮ್ಮ ಸೀರೆಯ ಹೆಸರಲ್ಲಿ ಯಾರು ಮಾರುತ್ತಿದ್ದಾರೆ ಅನ್ನುವುದೇ ಗೊತ್ತಿಲ್ಲದಾಗ ಯಾರ ಹೆಸರು ಕೊಡುವುದು?

ನನ್ನ ಮುಖ್ಯ ದೂರು ಇರುವುದು ಬೇರೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಇದೆ, ಅಂದರೆ ಈ ಹೆಸರು ಈ ಭಾಗದಲ್ಲಿ ನೇಯ್ದ ಸೀರೆಗೆ ಮಾತ್ರ ಸಲ್ಲಬೇಕು. ಸೆರಗಿನ ಹಾಸನ್ನು (ಮಗ್ಗದ ಮೇಲಿನ ಉದ್ದ ಎಳೆಗಳನ್ನು) ಒಡಲಿನ ಹಾಸಿಗೆ ಕೈಯಿಂದ ಕೊಂಡಿ ಕೊಂಡಿಯಾಗಿ ಜೋಡಿಸಿ, ಆಮೇಲೆ ನೇಯುವ ಸೀರೆ ಇದು. ಆ ಜೋಡಣೆಗೆ ತಾಳ್ಮೆಯೂ ಬೇಕು, ಕಣ್ಣೂ ಬೇಕು. ನಮ್ಮ ಅಮ್ಮ ವಯಸ್ಸೆಲ್ಲ ಅದರಲ್ಲೇ ಕಳೆದಿದ್ದಾರೆ. ಲೈಬ್ರರಿಯಲ್ಲಿ ಹುಡುಕಿದರೆ, ಬರೀ ಪ್ರಿಂಟ್ ಹೊಡೆದ ಪಾಲಿಯೆಸ್ಟರ್ ಬಟ್ಟೆಗೂ 'ಅಪ್ಪಟ ಇಳಕಲ್ ಕೈಮಗ್ಗ' ಎಂದು ಬರೆದ ಜಾಹೀರಾತು ಸಿಗುತ್ತದೆ. ಬೆಲೆ ನೋಡಿದರೆ ನಮ್ಮ ನೂಲಿನ ಖರ್ಚೂ ಹುಟ್ಟುವುದಿಲ್ಲ. ದೂರು ಕೊಡೋಣ ಎಂದು ಕೆಲವು ದಿನ ಬಿಟ್ಟು ಮತ್ತೆ ತೆಗೆದರೆ ಜಾಹೀರಾತೇ ಇರುವುದಿಲ್ಲ. ಅದೇ ಬಟ್ಟೆ ಬೇರೆ ಪೇಜಿನ ಹೆಸರಲ್ಲಿ ಮತ್ತೆ ಬಂದಿರುತ್ತದೆ.

ಏಕೆಂದರೆ ನಮ್ಮ ದೇಶದಲ್ಲಿ ವ್ಯಾಪಾರದ ಜಾಹೀರಾತು ಓಡುವವರೆಗೆ ಮಾತ್ರ ಲೈಬ್ರರಿಯಲ್ಲಿ ಕಾಣುತ್ತದೆ. ನಿಲ್ಲಿಸಿದರೆ ಮಾಯ. ಚುನಾವಣೆ, ರಾಜಕೀಯದ ಜಾಹೀರಾತುಗಳನ್ನು ಮಾತ್ರ 7 ವರ್ಷ ಇಟ್ಟುಕೊಳ್ಳುತ್ತಾರೆ. ಯುರೋಪಿನ ದೇಶಗಳಲ್ಲಿ ಹೀಗಿಲ್ಲ. ಅಲ್ಲಿ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಎಂಬ ಕಾನೂನು ಇದೆ. 2023ರ ಆಗಸ್ಟ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಜಾಹೀರಾತನ್ನೂ ಅದು ನಿಂತ ಮೇಲೆ ಒಂದು ವರ್ಷ, ಯಾರು ಬೇಕಾದರೂ ಹುಡುಕುವಂತೆ ಇಡಬೇಕು. ಕಂಪನಿ ಅದೇ, ಲೈಬ್ರರಿಯೂ ಅದೇ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಆದರೆ ದೂರಿಗೆ ಜಾಹೀರಾತೇ ಸಾಕ್ಷಿ. ಅದೇ ಕಣ್ಮರೆಯಾದರೆ ನೇಕಾರರು ಏನು ತೋರಿಸಬೇಕು?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಯುರೋಪಿನಂಥದೇ ನಿಯಮವನ್ನು ಇಲ್ಲೂ ತರಬೇಕು. ಗೂಗಲ್‌ನ ಆ ಸೆಂಟರ್‌ನಲ್ಲೂ ಕೀವರ್ಡ್ ಕೊಟ್ಟು ಜಾಹೀರಾತು ಹುಡುಕಲು ಬರಬೇಕು. ನಮ್ಮ ರಾಜ್ಯದ ಕೈಮಗ್ಗ ಮತ್ತು ಜವಳಿ ಇಲಾಖೆಯವರು ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ನೇಕಾರರ ಮಕ್ಕಳನ್ನು ಕೂರಿಸಿಕೊಂಡು ಹೀಗೆ ಜಾಹೀರಾತು ಹುಡುಕುವುದನ್ನು ಕನ್ನಡದಲ್ಲಿ ಕಲಿಸಲಿ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ.

ಅಲ್ಲಿಯವರೆಗೆ ನನ್ನಂಥ ವ್ಯಾಪಾರಿಗಳಲ್ಲಿ ಒಂದು ವಿನಂತಿ. ಸುಳ್ಳು ಜಾಹೀರಾತು ಕಂಡ ಕೂಡಲೇ ಅದರ ಲೈಬ್ರರಿ ಐಡಿ (ಜಾಹೀರಾತಿನ ಜೊತೆ ಕಾಣುವ ಸಂಖ್ಯೆ), ಪೇಜಿನ ಹೆಸರು, ಶುರುವಾದ ದಿನ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

— ಕೈಮಗ್ಗದ ಸೀರೆ ವ್ಯಾಪಾರಿ, ಇಳಕಲ್ಲ, ಬಾಗಲಕೋಟೆ ಜಿಲ್ಲೆ