ಬೆಟ್ಟದ ಹಳ್ಳವನ್ನು ಅಳತೆ ಮಾಡಿಸಿ: ಮೈಸೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಚಾಮುಂಡಿ ಬೆಟ್ಟದಿಂದ ಉತ್ತನಹಳ್ಳಿ ಕಡೆಗೆ ಇಳಿಯುವ ಹಳ್ಳವೊಂದರ ವಿಚಾರ ಇದು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಮುಖ್ಯವಾಗಿ ಕೇಳುವುದು ಇಷ್ಟು: ಬೆಟ್ಟದ ಬುಡದಿಂದ ಕೆರೆಯವರೆಗೆ ಆ ಹಳ್ಳವನ್ನು ಅಳತೆ ಮಾಡಿಸಿ, ಗಡಿಕಲ್ಲು ನೆಡಿಸಿ.

ಮೇಲುಗಡೆ ಅದು ಒಂದು ಹಳ್ಳವಲ್ಲ, ಬಂಡೆ ಸಂದಿಯಲ್ಲಿ ಹುಟ್ಟುವ ಕೊರಕಲುಗಳು. ಬೆಟ್ಟವೆಲ್ಲ ಗ್ರಾನೈಟ್ ಕಲ್ಲು. ಜೋರು ಮಳೆ ಬಿದ್ದರೆ ನೀರು ಇಂಗುವುದು ಕಡಿಮೆ, ಧುಮುಕುವುದೇ ಹೆಚ್ಚು. 2021ರ ಅಕ್ಟೋಬರ್ ಮಳೆಗೆ ಬೆಟ್ಟದ ಮೇಲಿನ ದೊಡ್ಡ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯೇ ಕುಸಿಯಿತಲ್ಲ, ಆ ನೀರಿನ ರಭಸ ತಮಗೆ ಗೊತ್ತು. ಬುಡಕ್ಕೆ ಬಂದ ಮೇಲೆ ಕೊರಕಲುಗಳು ಕೂಡಿ ಹಳ್ಳವಾಗಿ, ಕೆರೆ ತುಂಬಿಸಿ, ಕೋಡಿ ಬಿದ್ದು, ಕಪಿಲಾ (ಕಬಿನಿ) ನದಿಯ ಕಡೆಗೆ ಹೋಗುತ್ತವೆ. ನಮ್ಮ ಬಾವಿಗಳಲ್ಲಿ ಬೇಸಿಗೆಗೂ ನೀರು ನಿಲ್ಲುತ್ತಿದ್ದುದು ಈ ಕೆರೆಯಿಂದ.

ಆ ಕೊರಕಲುಗಳು ಕೂಡುವ ಜಾಗಕ್ಕೇ ಬಡಾವಣೆ ಮಾಡುವವರು ಮಣ್ಣು ತುಂಬಿದರು. ಒಂದು ಸಿಮೆಂಟ್ ಪೈಪು ಹೂತು ಮೇಲೆ ರಸ್ತೆ ಮಾಡಿದರು. ಅಷ್ಟು ನೀರು ಆ ಪೈಪಿನಲ್ಲಿ ಹಿಡಿಸುತ್ತದೆಯೇ?

ಹಿಡಿಸಲಿಲ್ಲ. ಹೋದ ಹಿಂಗಾರಿನಲ್ಲಿ ರಾತ್ರೋರಾತ್ರಿ ನೀರು ನಮ್ಮ ಮನೆಗೆ ನುಗ್ಗಿತು. ಹಾಸಿಗೆ ಹಿಡಿದ ಅತ್ತೆಯನ್ನು ನಾನೂ ನನ್ನ ಮಗನೂ ಎತ್ತಿಕೊಂಡು ಪಕ್ಕದ ಮನೆಯ ಜಗಲಿಗೆ ಸಾಗಿಸಿದೆವು. ಮೊಣಕಾಲುದ್ದ ಕೆಸರುನೀರು, ಕರೆಂಟಿಲ್ಲ, ಕೊಟ್ಟಿಗೆಯಲ್ಲಿ ಕರು ಅರಚುತ್ತಿತ್ತು. ವರ್ಷದ ಊಟಕ್ಕೆ ಇಟ್ಟಿದ್ದ ರಾಗಿ ಮೂಟೆಯಲ್ಲೇ ಮೊಳಕೆ ಬಂತು. ಅದನ್ನು ತಿಪ್ಪೆಗೆ ಸುರಿಯುವಾಗ ನನಗಾದ ಸಂಕಟ ಯಾವ ಅರ್ಜಿಯಲ್ಲೂ ಬರೆಯಲಾಗಲಿಲ್ಲ.

ಇಷ್ಟಾದ ಮೇಲೆ ಏಪ್ರಿಲ್ ಬಿಸಿಲಲ್ಲಿ ಕಚೇರಿಯೊಂದರಿಂದ ಸ್ಥಳ ಪರಿಶೀಲನೆಗೆ ಬಂದರು. ರಸ್ತೆ ಮೇಲೆ ನಿಂತು ನೋಡಿ ಹೋದರು. ಆಮೇಲೆ ನಮ್ಮ ಅರ್ಜಿಗೆ ಉತ್ತರವಾಗಿ ಬಂದ ಹಿಂಬರಹ: ಸ್ಥಳದಲ್ಲಿ ಹಳ್ಳ ಕಂಡುಬಂದಿರುವುದಿಲ್ಲ. ಮಣ್ಣು ಮುಚ್ಚಿದ ಹಳ್ಳ ಹೇಗೆ ಕಾಣುತ್ತದೆ ಸ್ವಾಮಿ? ಬೇಸಿಗೆಯಲ್ಲಿ ಒಣಗುವುದೇ ಮಳೆಹಳ್ಳದ ಗುಣ. ನಡೆದು ನೋಡಿದ್ದರೆ ಕಾಣುತ್ತಿತ್ತು: ರಸ್ತೆಯ ಆಚೆ ಈಚೆ ಹಳ್ಳದ ದಡವೂ ಹೊಂಗೆ ಮರಗಳೂ ಇನ್ನೂ ಇವೆ. ಗ್ರಾಮ ನಕ್ಷೆಯಲ್ಲಿ ಗೆರೆ ಇದೆ, ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ, ಅಂತ ಇದೆ. ಆ ಹಿಂಬರಹ ಓದಿ ನನ್ನ ಕೈ ನಡುಗಿತು. ಸುಳ್ಳು ಬರೆದು ಸಹಿ ಹಾಕಿದವರಿಗೆ ನಮ್ಮ ಮನೆಯ ಗೋಡೆಯ ಮೇಲಿನ ಕೆಸರಿನ ಗುರುತು ತೋರಿಸಬೇಕು.

1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ತಮಗೆ ನಾನು ಹೇಳಬೇಕಿಲ್ಲ. ಹಳ್ಳ, ಕೆರೆ, ನೀರಿನ ದಾರಿ ಸರ್ಕಾರದ ಸ್ವತ್ತು. ಆ ಸರ್ಕಾರದ ಸ್ವತ್ತನ್ನೇ ಬಡಾವಣೆಯವರು ಮುಚ್ಚಿದ್ದಾರೆ, ಕಾಯಬೇಕಾದವರು ತಾವೇ.

ನನಗೆ ಪರಿಹಾರದ ಹಣ ಬೇಡ. ಹಳ್ಳವನ್ನು ಅಳತೆ ಮಾಡಿಸಿ. ಬರೀ ಕೆಳಗಿನ ಹಳ್ಳವಲ್ಲ, ಅದಕ್ಕೆ ಸೇರುವ ಒಂದೊಂದು ಕೊರಕಲನ್ನೂ ಅಳತೆ ಮಾಡಿಸಿ. ತುಂಬಿದ ಮಣ್ಣು ತೆಗೆಸಿ, ಪೈಪಿನ ಜಾಗದಲ್ಲಿ ಅಗಲವಾದ ಮೋರಿ ಕಟ್ಟಿಸಿ, ಗಡಿಕಲ್ಲು ನೆಡಿಸಿ. ಅಳತೆಯ ದಿನ ನಮಗೂ ನೋಟಿಸು ಕೊಡಿ, ಊರಿನ ಹಿರಿಯರು ಹಳ್ಳದುದ್ದಕ್ಕೂ ನಡೆದು ತೋರಿಸುತ್ತಾರೆ. ಇದೆಲ್ಲ ಮುಂದಿನ ಹಿಂಗಾರಿಗೆ ಮುಂಚೆ ಆಗಬೇಕು.

ಇಂತಿ,
ಬೆಟ್ಟದ ತಪ್ಪಲಿನ ಒಬ್ಬ ರೈತ ಮಹಿಳೆ